ಮೂರು ಟೆಸ್ಟ್, 51.60 ಸರಾಸರಿ: ಕೆವಿನ್ ಓಬ್ರಿಯನ್ ಎಂಬ ಪ್ರಕರಣ

2011ರ ಮಾರ್ಚ್ 2, ಬುಧವಾರ. ಅವತ್ತು ಮಹಾಶಿವರಾತ್ರಿ. ಬೆಂಗಳೂರಿನ ಗುಡಿಗಳ ಮುಂದೆ ಅಭಿಷೇಕಕ್ಕೆ ಸಾಲು, ಮನೆಗಳಲ್ಲಿ ಉಪವಾಸ, ರಾತ್ರಿಗೆ ಜಾಗರಣೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಧ್ಯಾಹ್ನ ಎರಡೂವರೆಗೆ ಶುರುವಾದ ಇಂಗ್ಲೆಂಡ್–ಐರ್ಲೆಂಡ್ ವಿಶ್ವಕಪ್ ಪಂದ್ಯದ ಮೇಲೆ ಊರಿನ ಗಮನ ಅಷ್ಟಾಗಿ ಇರಲಿಲ್ಲ. ಹಿಂದಿನ ಭಾನುವಾರವಷ್ಟೇ ಅದೇ ಅಂಗಳದಲ್ಲಿ ಭಾರತ ಮತ್ತು ಇಂಗ್ಲೆಂಡ್ ತಲಾ 338 ರನ್ ಹೊಡೆದು ಟೈ ಮಾಡಿಕೊಂಡಿದ್ದವು. ಆ ಪಂದ್ಯದ ಟಿಕೆಟ್‌ಗೆ ಸಾಲು ನಿಂತವರು ಲಾಠಿ ಏಟನ್ನೂ ತಿಂದಿದ್ದರು. ಅಷ್ಟೆಲ್ಲ ಆದ ಮೇಲೆ ‘ಕ್ರಿಕೆಟ್ ಶಿಶು’ಗಳ ಪಂದ್ಯ ಯಾರಿಗೆ ಬೇಕು?

ಇಂಗ್ಲೆಂಡ್ 8 ವಿಕೆಟ್‌ಗೆ 327 ಹೊಡೆಯಿತು. ಟ್ರಾಟ್ 92, ಬೆಲ್ 81, ಪೀಟರ್ಸನ್ 59. ಐರ್ಲೆಂಡ್ ನಾಯಕ ಪೋರ್ಟರ್‌ಫೀಲ್ಡ್ ಉತ್ತರದ ಮೊದಲ ಎಸೆತದಲ್ಲೇ ಆ್ಯಂಡರ್ಸನ್‌ಗೆ ಬೌಲ್ಡ್. ಅರ್ಧ ಓವರುಗಳು ಮುಗಿಯುವ ಹೊತ್ತಿಗೆ 111ಕ್ಕೆ 5. ಇನ್ನು 217 ರನ್ ಬೇಕು, ಉಳಿದಿರುವುದು ಹೆಚ್ಚುಕಡಿಮೆ 25 ಓವರು. ನಮ್ಮ ಮನೆಯಲ್ಲಿ ಟಿವಿ ಹಾಕಿದ್ದು ಜಾಗರಣೆಗೆ ಜೊತೆಯಾಗಲಿ ಅಂತ ಮಾತ್ರ. ಆರನೇ ಕ್ರಮಾಂಕದಲ್ಲಿ ಬಂದಿದ್ದ ದಪ್ಪ ಭುಜದ ಮನುಷ್ಯನ ಹೆಲ್ಮೆಟ್ ಅಂಚಿನಲ್ಲಿ ಗುಲಾಬಿ ಬಣ್ಣದ ಕೂದಲು ಇಣುಕುತ್ತಿತ್ತು. ಕ್ಯಾನ್ಸರ್ ಸಂಸ್ಥೆಯೊಂದಕ್ಕೆ ಹಣ ಕೂಡಿಸುವ ಅಭಿಯಾನಕ್ಕಾಗಿ ಹಚ್ಚಿಕೊಂಡ ಬಣ್ಣ ಎಂದು ಆಮೇಲೆ ತಿಳಿಯಿತು.

ಮುಂದಿನದ್ದು ಕ್ರಿಕೆಟ್ ನೋಡುವ ಎಲ್ಲರಿಗೂ ಗೊತ್ತು. 30 ಎಸೆತಕ್ಕೆ ಐವತ್ತು, ಅಲ್ಲಿಂದ 20 ಎಸೆತಕ್ಕೆ ಇನ್ನೊಂದು ಐವತ್ತು. 66 ಎಸೆತಗಳಲ್ಲಿ ಮ್ಯಾಥ್ಯೂ ಹೇಡನ್ ಬಾರಿಸಿದ್ದ ವಿಶ್ವಕಪ್‌ನ ಅತಿವೇಗದ ಶತಕದ ದಾಖಲೆ 16 ಎಸೆತಗಳ ಅಂತರದಲ್ಲಿ ಅಳಿಸಿಹೋಯಿತು. 91ರಲ್ಲಿ ಕೊಟ್ಟ ಕ್ಯಾಚನ್ನು ಹಿಂದಕ್ಕೆ ಓಡಿದ ನಾಯಕ ಆ್ಯಂಡ್ರ್ಯೂ ಸ್ಟ್ರಾಸ್ ಕೈಚೆಲ್ಲಿದರು. ಅಲೆಕ್ಸ್ ಕ್ಯುಸಾಕ್ (47) ಜತೆ ಆರನೇ ವಿಕೆಟ್‌ಗೆ ಸುಮಾರು 17 ಓವರುಗಳಲ್ಲಿ 162 ರನ್ ಬಂತು. 63 ಎಸೆತಗಳಲ್ಲಿ 113 ರನ್, 13 ಬೌಂಡರಿ, 6 ಸಿಕ್ಸರ್ ಹೊಡೆದ ಮೇಲೆ ಕೆವಿನ್ ಓಬ್ರಿಯನ್ ರನೌಟ್ ಆದಾಗ ಗೆಲ್ಲಲು ಬೇಕಿದ್ದದ್ದು 11 ರನ್. ಜಾನ್ ಮೂನಿ ಕೊನೆಯ ಓವರಿನ ಮೊದಲ ಎಸೆತವನ್ನು ಬೌಂಡರಿಗೆ ಅಟ್ಟಿ ಮುಗಿಸಿದರು. 7 ವಿಕೆಟ್‌ಗೆ 329. ವಿಶ್ವಕಪ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ದೊಡ್ಡ ಮೊತ್ತ ಬೆನ್ನಟ್ಟಿ ಗೆದ್ದಿರಲಿಲ್ಲ. ತಂಬಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ ನಮಗೆ ನಿದ್ದೆ ತಡೆಯಲು ಬೇರೆ ಏನೂ ಬೇಕಾಗಲಿಲ್ಲ.

ನಾಲ್ಕು ದಿನಗಳ ನಂತರ ಅದೇ ಅಂಗಳದಲ್ಲಿ ಭಾರತದ ಎದುರು ಕೆವಿನ್ 9 ರನ್ನಿಗೆ ಔಟಾದರು. ಯುವರಾಜ್ ಸಿಂಗ್ 31 ರನ್ ಕೊಟ್ಟು 5 ವಿಕೆಟ್ ಪಡೆದರು, ಅಜೇಯ 50 ಹೊಡೆದರು. ಊರು ಯುವರಾಜ್ ಬಗ್ಗೆ ಮಾತಾಡಲು ಶುರುಮಾಡಿತು.

ಇಲ್ಲಿಂದ ಮುಂದೆ ನಾನು ಬರೆಯಬೇಕೆಂದಿರುವುದು ಆ ಒಂದು ರಾತ್ರಿಯ ಬಗ್ಗೆ ಅಲ್ಲ. ಆ ರಾತ್ರಿಯ ಹಿಂದೆ ಮುಂದೆ ಚಾಚಿಕೊಂಡಿರುವ ಹದಿನಾರು ವರ್ಷಗಳ ಬಗ್ಗೆ. ಕೆವಿನ್ ಓಬ್ರಿಯನ್ ಅವರ ಲೆಕ್ಕಪುಸ್ತಕದಲ್ಲಿ ಒಂದು ಸಾಲು ನನ್ನನ್ನು ಬಹಳ ಕಾಲದಿಂದ ಕಾಡಿದೆ: ಟೆಸ್ಟ್ 3, ರನ್ 258, ಸರಾಸರಿ 51.60. ಐವತ್ತರ ಮೇಲಿನ ಸರಾಸರಿ ಇರುವ ಬ್ಯಾಟ್ಸ್‌ಮನ್ ಮೂರೇ ಪಂದ್ಯಕ್ಕೆ ನಿಂತುಹೋಗಿದ್ದು ಹೇಗೆ? ಗಾಯವೇ? ವಿವಾದವೇ? ಎರಡೂ ಅಲ್ಲ. ಹೆಸರಿಗೆ ಟೆಸ್ಟ್ ದೇಶವಾಗಿದ್ದ ಐರ್ಲೆಂಡ್‌ಗೆ ಆಡಲು ಟೆಸ್ಟ್‌ಗಳೇ ಇರಲಿಲ್ಲ. ಉದಯೋನ್ಮುಖ ದೇಶದ ಆಟಗಾರನಿಗೆ ಏನು ಕೊರತೆ ಎಂದು ಕೇಳಿದರೆ ನಾವು ಥಟ್ಟನೆ ಪ್ರತಿಭೆ ಎನ್ನುತ್ತೇವೆ, ತರಬೇತಿ ಎನ್ನುತ್ತೇವೆ. ಈ ಪ್ರಕರಣ ನೋಡಿದರೆ ಕೊರತೆ ಇದ್ದದ್ದು ಪಂದ್ಯಗಳದ್ದು.

ಶಿಶುವಲ್ಲದ ಶಿಶು

ಐರ್ಲೆಂಡ್ ತಂಡ ಮೊದಲು ಆಡಿದ್ದು 1855ರಲ್ಲಿ. ಭಾರತ ಮೊದಲ ಟೆಸ್ಟ್ ಆಡುವುದಕ್ಕೆ ಮುಕ್ಕಾಲು ಶತಮಾನ ಮೊದಲು. 1969ರ ಜುಲೈ 2ರಂದು ಸಿಯಾನ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ವೆಸ್ಟ್ ಇಂಡೀಸ್ ತಂಡವನ್ನು ಅವರು 25 ರನ್ನಿಗೆ ಆಲೌಟ್ ಮಾಡಿದ್ದರು. ಇಷ್ಟು ಹಳೆಯ ತಂಡವನ್ನು ನಮ್ಮ ಪತ್ರಿಕೆಗಳು 2011ರಲ್ಲೂ ಶಿಶು ಎಂದೇ ಕರೆದವು. ಆ ಪದ ನನಗೆ ಎಂದೂ ಹಿಡಿಸಿಲ್ಲ. ಐರ್ಲೆಂಡ್ ಕ್ರಿಕೆಟ್‌ಗೆ ವಯಸ್ಸಾಗಿತ್ತು. ಬೆಳೆಯಲು ಜಾಗ ಮಾತ್ರ ಸಿಕ್ಕಿರಲಿಲ್ಲ.

ಅದಕ್ಕೆ ಒಂದು ಕಾರಣ ಮನೆಯೊಳಗೇ ಇತ್ತು. ಹರ್ಲಿಂಗ್, ಗೇಲಿಕ್ ಫುಟ್‌ಬಾಲ್‌ನಂಥ ನಾಡಿನ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ತನ್ನ ಸದಸ್ಯರು ಕ್ರಿಕೆಟ್, ರಗ್ಬಿ, ಹಾಕಿಯಂಥ ‘ಪರದೇಶಿ ಆಟ’ ಆಡುವಂತಿಲ್ಲ, ನೋಡಲೂ ಹೋಗುವಂತಿಲ್ಲ ಎಂಬ ನಿಷೇಧ ಹೇರಿತ್ತು. ಅದು ತೆರವಾದದ್ದು 1971ರಲ್ಲಿ. ಆಳಿದವರ ಆಟ ಎಂಬ ಕಳಂಕ ಭಾರತದಲ್ಲಿ ಕ್ರಿಕೆಟ್‌ಗೆ ಅಂಟಲಿಲ್ಲ, ಐರ್ಲೆಂಡ್‌ನಲ್ಲಿ ಅಂಟಿತು. ಹತ್ತೊಂಬತ್ತನೇ ಶತಮಾನದಲ್ಲಿ ಹಳ್ಳಿಹಳ್ಳಿಯಲ್ಲಿ ಇದ್ದ ಆಟ ಡಬ್ಲಿನ್‌ನ ಕೆಲವು ಕ್ಲಬ್‌ಗಳಿಗೆ, ಉತ್ತರದ ಕೆಲವು ಜಿಲ್ಲೆಗಳಿಗೆ ಕುಗ್ಗಿತು. ಕ್ರಿಕೆಟ್ ತಂಡ ಮಾತ್ರ ಗಡಿ ಲೆಕ್ಕಿಸದೆ ಇಡೀ ದ್ವೀಪದ್ದಾಗಿ ಉಳಿಯಿತು. ಗಣರಾಜ್ಯದವರೂ ಉತ್ತರ ಐರ್ಲೆಂಡಿನವರೂ ಒಂದೇ ಟೋಪಿ ಧರಿಸುತ್ತಾರೆ. ಇದನ್ನು ನಾನು ಸಣ್ಣ ಸಂಗತಿ ಎಂದುಕೊಳ್ಳುವುದಿಲ್ಲ.

ಕೆವಿನ್ ಹುಟ್ಟಿದ್ದು 1984ರ ಮಾರ್ಚ್ 4ರಂದು, ಡಬ್ಲಿನ್‌ನಲ್ಲಿ. ಅಪ್ಪ ಬ್ರೆಂಡನ್ ಓಬ್ರಿಯನ್, ಎಲ್ಲರ ಬಾಯಲ್ಲಿ ‘ಜಿಂಜರ್’, ಐರ್ಲೆಂಡ್ ಪರ 50ಕ್ಕೂ ಹೆಚ್ಚು ಪಂದ್ಯ ಆಡಿದವರು. ಅವು ಯಾವುವೂ ಅಂತರರಾಷ್ಟ್ರೀಯ ಮಾನ್ಯತೆ ಇದ್ದ ಪಂದ್ಯಗಳಲ್ಲ. ಅಣ್ಣ ನೀಲ್ ವಿಕೆಟ್ ಕೀಪರ್. ಸ್ಯಾಂಡಿಮೌಂಟ್‌ನ ರೈಲ್ವೆ ಯೂನಿಯನ್ ಕ್ಲಬ್ ಮನೆಯ ಅಂಗಳವಿದ್ದಂತೆ. ಕ್ರಿಕೆಟ್ ಇಲ್ಲದ ದೇಶದಲ್ಲಿ ಕ್ರಿಕೆಟ್ ಇರುವ ಮನೆ. ಸಣ್ಣ ದೇಶಗಳ ಕ್ರಿಕೆಟ್ ಬಹುಪಾಲು ಹೀಗೆ ಕೆಲವೇ ಮನೆತನಗಳ ಹೆಗಲ ಮೇಲೆ ನಿಂತಿರುತ್ತದೆ. ಐರ್ಲೆಂಡ್‌ನಲ್ಲಿ ಓಬ್ರಿಯನ್‌ಗಳು, ಜಾಯ್ಸ್‌ಗಳು, ಮೂನಿಗಳು. ಒಂದು ಮನೆಯವರು ಬೇಸತ್ತು ಕೈಬಿಟ್ಟರೆ ತಂಡದ ಒಂದು ಮೂಲೆಯೇ ಖಾಲಿ.

2006ರ ಜೂನ್ 13ರಂದು ಬೆಲ್‌ಫಾಸ್ಟ್‌ನ ಸ್ಟಾರ್ಮಾಂಟ್‌ನಲ್ಲಿ ಐರ್ಲೆಂಡ್ ತನ್ನ ಮೊಟ್ಟಮೊದಲ ಏಕದಿನ ಪಂದ್ಯವನ್ನು ಇಂಗ್ಲೆಂಡ್ ವಿರುದ್ಧ ಆಡಿತು. ಪದಾರ್ಪಣೆ ಮಾಡಿದ ಕೆವಿನ್ ತಮ್ಮ ಮೊದಲ ಎಸೆತದಲ್ಲೇ ವಿಕೆಟ್ ಪಡೆದರು. ಔಟಾದವರು ಅದೇ ಸ್ಟ್ರಾಸ್. ಐದು ವರ್ಷಗಳ ನಂತರ ಬೆಂಗಳೂರಿನಲ್ಲಿ 91ರಲ್ಲಿ ಕ್ಯಾಚ್ ಬಿಟ್ಟವರೂ ಅವರೇ.

ಆದರೆ ಆ ಪಂದ್ಯದಲ್ಲಿ ನನ್ನ ಕಣ್ಣು ನಿಲ್ಲುವುದು ಜಾಯ್ಸ್ ಸಹೋದರರ ಮೇಲೆ. ಡೊಮಿನಿಕ್ ಜಾಯ್ಸ್ ಅವತ್ತು ಐರ್ಲೆಂಡ್ ಪರ ಪದಾರ್ಪಣೆ ಮಾಡಿದರು. ಅವರ ಅಣ್ಣ ಎಡ್ ಜಾಯ್ಸ್ ಅದೇ ದಿನ, ಅದೇ ಅಂಗಳದಲ್ಲಿ, ಇಂಗ್ಲೆಂಡ್ ಪರ ಪದಾರ್ಪಣೆ ಮಾಡಿದರು. ಒಂದೇ ಮನೆಯ ಇಬ್ಬರು, ಎರಡು ದೇಶಗಳ ಅಂಗಿಯಲ್ಲಿ. ಐರ್ಲೆಂಡ್ ಕ್ರಿಕೆಟ್‌ನ ಅಂದಿನ ಸ್ಥಿತಿ ಹೇಳಲು ಆ ಒಂದು ದೃಶ್ಯ ಸಾಕು.

ಹೋದವರು, ಉಳಿದವರು

ಪ್ರತಿಭೆ ಇದ್ದವರು ಇಂಗ್ಲಿಷ್ ಕೌಂಟಿಗೆ ಹೋಗುತ್ತಿದ್ದರು. ಅಲ್ಲಿ ಮಿಂಚಿದವರ ಮುಂದೆ ಒಂದೇ ಪ್ರಶ್ನೆ: ಟೆಸ್ಟ್ ಆಡಬೇಕೇ? ಆಡಬೇಕಿದ್ದರೆ ಇಂಗ್ಲೆಂಡ್ ಪರವೇ ಆಡಬೇಕು, ಐರ್ಲೆಂಡ್‌ಗೆ ಟೆಸ್ಟ್ ಮಾನ್ಯತೆಯೇ ಇಲ್ಲವಲ್ಲ. ಎಡ್ ಜಾಯ್ಸ್ ಹೋದರು, ಆಮೇಲೆ ವಾಪಸ್ ಬಂದರು. ಆರಡಿ ಎಂಟಿಂಚಿನ ವೇಗಿ ಬಾಯ್ಡ್ ರ‍್ಯಾಂಕಿನ್ ಹೋದರು, ಅವರೂ ವಾಪಸ್ ಬಂದರು. 2009ರಲ್ಲಿ ಹೋದ ಎಯಾನ್ ಮಾರ್ಗನ್ ಮರಳಿ ಬರಲಿಲ್ಲ. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್‌ಗೆ ಮೊದಲ ಏಕದಿನ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಈ ಡಬ್ಲಿನ್ ಹುಡುಗ.

ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಆಟಗಾರನ ಆಯುಷ್ಯ ಹದಿನೈದು ವರ್ಷ. ಆಡಳಿತ ಮಂಡಳಿಗಳು ಸಭೆ ಸೇರಿ ತೀರ್ಮಾನಿಸುವವರೆಗೆ ಆ ಆಯುಷ್ಯ ಕಾಯುವುದಿಲ್ಲ. ಮಾರ್ಗನ್ ಇಂಗ್ಲೆಂಡ್ ಪರ 16 ಟೆಸ್ಟ್, 225 ಏಕದಿನ ಪಂದ್ಯ ಆಡಿದರು. ಉಳಿದುಕೊಂಡ ಕೆವಿನ್ ಎಲ್ಲ ಸೇರಿ 3 ಟೆಸ್ಟ್, 153 ಏಕದಿನ ಪಂದ್ಯ. ಮೂರೇ ಪಂದ್ಯದ ಸರಾಸರಿ ಹಿಡಿದು ಕೆವಿನ್ ಮಾರ್ಗನ್‌ಗಿಂತ ಮೇಲು ಎನ್ನುವ ಮೂರ್ಖತನ ಮಾಡಲಾರೆ. ಕೆವಿನ್ ಅವರ ಏಕದಿನ ಸರಾಸರಿ 29ರ ಆಸುಪಾಸು, ಶತಕ ಎರಡೇ. ಸತತವಾಗಿ ರನ್ ಸುರಿಸಿದವರಲ್ಲ ಅವರು. ಆದರೆ ಇದರ ಜೊತೆಗೇ ಇನ್ನೊಂದು ಲೆಕ್ಕ ಇಡಬೇಕು. ಹೆಚ್ಚುಕಡಿಮೆ ಅಷ್ಟೇ ವರ್ಷಗಳಲ್ಲಿ ನಮ್ಮ ಧೋನಿ 350 ಏಕದಿನ ಪಂದ್ಯ ಆಡಿದರು. ವರ್ಷಕ್ಕೆ ಇಪ್ಪತ್ತನಾಲ್ಕು. ಕೆವಿನ್‌ಗೆ ಸಿಕ್ಕಿದ್ದು ವರ್ಷಕ್ಕೆ ಹತ್ತು, ಅದರಲ್ಲೂ ದೊಡ್ಡ ತಂಡಗಳ ವಿರುದ್ಧ ಬೆರಳೆಣಿಕೆ. ಮಿಚೆಲ್ ಸ್ಟಾರ್ಕ್‌ನ ಯಾರ್ಕರ್ ಆಡಲು ಕಲಿಯಬೇಕಿದ್ದರೆ ಸ್ಟಾರ್ಕ್‌ನ ಎದುರು ನಿಲ್ಲಬೇಕು. ನೆಟ್ಸ್‌ನಲ್ಲಿ ಅದಕ್ಕೆ ಪರ್ಯಾಯವಿಲ್ಲ.

ವಿಶ್ವಕಪ್‌ಗಳು ಬಂದಾಗಲೆಲ್ಲ ಇದ್ದಕ್ಕಿದ್ದಂತೆ ದೊಡ್ಡವರ ಎದುರು ನಿಲ್ಲಬೇಕಾಗುತ್ತಿತ್ತು. 2007ರ ಮಾರ್ಚ್ 17ರಂದು, ಸೇಂಟ್ ಪ್ಯಾಟ್ರಿಕ್ ದಿನ, ಜಮೈಕಾದ ಸಬೀನಾ ಪಾರ್ಕ್‌ನಲ್ಲಿ ಪಾಕಿಸ್ತಾನವನ್ನು 132ಕ್ಕೆ ಕಟ್ಟಿಹಾಕಿ ಮೂರು ವಿಕೆಟ್‌ಗಳಿಂದ ಗೆದ್ದಾಗ ಅಣ್ಣ ನೀಲ್ 72 ಹೊಡೆದರು, ತಮ್ಮ ಕೊನೆಯವರೆಗೆ ನೆಲ ಕಚ್ಚಿ ನಿಂತು ಅಜೇಯ 16. ಬೆಂಗಳೂರಿನಲ್ಲಿ ಸಿಡಿದವರು ಅಲ್ಲಿ ಎಸೆತದ ಮೇಲೆ ಎಸೆತ ನುಂಗುತ್ತ ಕೂತಿದ್ದರು. ಆ ತಂಡದಲ್ಲಿ ಅಂಚೆ ಹಂಚುವವರಿದ್ದರು, ಬಟ್ಟೆ ವ್ಯಾಪಾರದವರಿದ್ದರು. ವಿಶ್ವಕಪ್‌ನ ಸೂಪರ್ ಎಂಟಕ್ಕೆ ತಲುಪಿದ ತಂಡ ರಜೆ ವಿಸ್ತರಿಸಿಕೊಳ್ಳಬೇಕಾದ ನೌಕರರ ತಂಡವೂ ಆಗಿತ್ತು.

ಬೆಂಗಳೂರಿನ ನಂತರ ಏನಾಗಲಿಲ್ಲ

ಆ ಶತಕಕ್ಕೆ ಎರಡು ತಿಂಗಳು ಮೊದಲು, 2011ರ ಜನವರಿ 8 ಮತ್ತು 9ರಂದು, ಇದೇ ಬೆಂಗಳೂರಿನಲ್ಲಿ ಐಪಿಎಲ್ ಹರಾಜು ನಡೆದಿತ್ತು. ಶತಕ ಬಂದದ್ದು ಹರಾಜು ಮುಗಿದ ಮೇಲೆ. ಮುಂದೆಯೂ ಕೆವಿನ್ ಒಂದೇ ಒಂದು ಐಪಿಎಲ್ ಪಂದ್ಯ ಆಡಲಿಲ್ಲ. ಐರ್ಲೆಂಡ್‌ನ ಆಟಗಾರನಾಗಿಯೇ ಐಪಿಎಲ್ ಆಡಿದ ಮೊದಲಿಗ ಜೋಶುವಾ ಲಿಟಲ್, ಅದೂ 2023ರಲ್ಲಿ, ಗುಜರಾತ್ ಪರ. ಚಿನ್ನಸ್ವಾಮಿಯ ಸಣ್ಣ ಬೌಂಡರಿಗಳಲ್ಲಿ ಕೆವಿನ್ ಇನ್ನೂ ಹಲವು ಸಂಜೆ ಆಡಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಇಂಗ್ಲೆಂಡ್‌ನ ಗ್ಲಾಸ್ಟರ್‌ಶೈರ್ ಅವರನ್ನು ಕರೆಸಿಕೊಂಡಿತು. ಅದೇ ಬೇಸಿಗೆಯಲ್ಲಿ ಮಿಡ್ಲ್‌ಸೆಕ್ಸ್ ವಿರುದ್ಧದ ಟಿ20ಯಲ್ಲಿ ಅವರು 119, ಹಾಮಿಶ್ ಮಾರ್ಷಲ್ 102 ಹೊಡೆದರು. ಟಿ20 ಇನಿಂಗ್ಸ್ ಒಂದರಲ್ಲಿ ಇಬ್ಬರು ಶತಕ ಹೊಡೆದದ್ದು ಅದೇ ಮೊದಲು.

ಇದಕ್ಕಿಂತ ದೊಡ್ಡ ಏಟು ಬಿದ್ದದ್ದು ಬೇರೆ ಕಡೆ. ಭಾರತ ವಿಶ್ವಕಪ್ ಎತ್ತಿದ್ದು ಏಪ್ರಿಲ್ 2ರ ರಾತ್ರಿ. ಎರಡೇ ದಿನಕ್ಕೆ, ಏಪ್ರಿಲ್ 4ರಂದು, ಮುಂಬೈಯಲ್ಲಿ ಸೇರಿದ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) 2015ರ ವಿಶ್ವಕಪ್‌ನಲ್ಲಿ ಹತ್ತು ಪೂರ್ಣ ಸದಸ್ಯ ರಾಷ್ಟ್ರಗಳಷ್ಟೇ, ಅಂದರೆ ಟೆಸ್ಟ್ ಮಾನ್ಯತೆ ಇರುವ ದೇಶಗಳಷ್ಟೇ ಆಡಲಿ ಎಂದು ತೀರ್ಮಾನಿಸಿತು. ಅರ್ಹತಾ ಸುತ್ತು ಕೂಡ ಇಲ್ಲ. ಇಂಗ್ಲೆಂಡನ್ನು ಸೋಲಿಸಿ ತಿಂಗಳಷ್ಟೇ ಕಳೆದಿತ್ತು. ಜಗತ್ತಿನೆಲ್ಲೆಡೆ ಗದ್ದಲವೆದ್ದು ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಐಸಿಸಿ ಮತ್ತೆ 14 ತಂಡಗಳಿಗೆ ಒಪ್ಪಿತು. ಆ 2015ರ ವಿಶ್ವಕಪ್‌ನಲ್ಲಿ ಐರ್ಲೆಂಡ್ ವೆಸ್ಟ್ ಇಂಡೀಸ್, ಜಿಂಬಾಬ್ವೆ, ಯುಎಇ ಮೂವರನ್ನೂ ಸೋಲಿಸಿತು. ಯುಎಇ ವಿರುದ್ಧ ಪಂದ್ಯ ಕೈಜಾರುತ್ತಿದ್ದಾಗ ಕೆವಿನ್ 25 ಎಸೆತಗಳಲ್ಲಿ 50 ಹೊಡೆದರು. ಕ್ವಾರ್ಟರ್ ಫೈನಲ್ ತಪ್ಪಿದ್ದು ನಿವ್ವಳ ರನ್ ದರದಲ್ಲಿ. 2019 ಮತ್ತು 2023ರಲ್ಲಿ ಮತ್ತೆ ಹತ್ತೇ ತಂಡ, ಎರಡಕ್ಕೂ ಐರ್ಲೆಂಡ್ ಅರ್ಹತೆ ಪಡೆಯಲಿಲ್ಲ. ಹೀಗಾಗಿ ಬೆಂಗಳೂರಿನಲ್ಲಿ ದಾಖಲೆ ಬರೆದವರಿಗೆ ಆಮೇಲೆ ಸಿಕ್ಕಿದ್ದು ಒಂದೇ ಏಕದಿನ ವಿಶ್ವಕಪ್.

ಕೀನ್ಯಾದ ಉದಾಹರಣೆ ಎದುರಿಗೇ ಇತ್ತು. 2003ರಲ್ಲಿ ವಿಶ್ವಕಪ್ ಸೆಮಿಫೈನಲ್ ಆಡಿದ ದೇಶ ಅದು. ಅದರ ನಾಯಕ ಸ್ಟೀವ್ ಟಿಕೋಲೊ ಯಾವ ಟೆಸ್ಟ್ ತಂಡದಲ್ಲೂ ಸಲ್ಲುತ್ತಿದ್ದ ಬ್ಯಾಟ್ಸ್‌ಮನ್. ಒಂದೂ ಟೆಸ್ಟ್ ಆಡದೆ ಅವರು ಮುಗಿಸಿದರು, 2014ರಲ್ಲಿ ಕೀನ್ಯಾ ಏಕದಿನ ಮಾನ್ಯತೆಯನ್ನೇ ಕಳೆದುಕೊಂಡಿತು. ಅಲ್ಲಿ ಹಣದ ದುರಾಡಳಿತ ಮನೆಯೊಳಗಿನಿಂದ ತಿಂದಿತು ನಿಜ. ಐರ್ಲೆಂಡ್ ಮಂಡಳಿ ಆ ತಪ್ಪು ಮಾಡಲಿಲ್ಲ. ಆಟಗಾರರಿಗೆ ಗುತ್ತಿಗೆ ಕೊಟ್ಟಿತು, ದೇಶದೊಳಗೆ ಪ್ರಾಂತ್ಯಗಳ ನಡುವೆ ಟೂರ್ನಿ ಕಟ್ಟಿತು, ಎದುರಾಳಿ ಸಿಕ್ಕಾಗಲೆಲ್ಲ ಆಡಿತು. 2013ರ ಮೇ ತಿಂಗಳಲ್ಲಿ ಕ್ಲಾಂಟಾರ್ಫ್‌ನಲ್ಲಿ ಪಾಕಿಸ್ತಾನದ ವಿರುದ್ಧ ಕೆವಿನ್ ಕೊನೆಯ ಎಸೆತವನ್ನು ಬೌಂಡರಿಗಟ್ಟಿ ಟೈ ಮಾಡಿಸಿದರು, 47 ಎಸೆತಗಳಲ್ಲಿ ಅಜೇಯ 84. ಆ ವರ್ಷ ಐಸಿಸಿಯ ಸಹಸದಸ್ಯ ರಾಷ್ಟ್ರಗಳ ವರ್ಷದ ಆಟಗಾರ ಪ್ರಶಸ್ತಿ ಅವರಿಗೇ ಬಂತು.

ಮಲಾಹೈಡ್

2017ರ ಜೂನ್ 22ರಂದು ಲಂಡನ್‌ನಲ್ಲಿ ಐಸಿಸಿ ಅಫ್ಗಾನಿಸ್ತಾನ ಮತ್ತು ಐರ್ಲೆಂಡ್ ಎರಡಕ್ಕೂ ಪೂರ್ಣ ಸದಸ್ಯತ್ವ ಕೊಟ್ಟಿತು. ಅಫ್ಗಾನಿಸ್ತಾನ ತನ್ನ ಮೊದಲ ಟೆಸ್ಟ್ ಆಡಿದ್ದು ನಮ್ಮ ಚಿನ್ನಸ್ವಾಮಿಯಲ್ಲಿ, 2018ರ ಜೂನ್‌ನಲ್ಲಿ. ಎರಡೇ ದಿನದಲ್ಲಿ ಇನಿಂಗ್ಸ್ ಸೋಲು. ಅದಕ್ಕೆ ತಿಂಗಳ ಮೊದಲು, ಮೇ 11ರಂದು, ಡಬ್ಲಿನ್ ಹತ್ತಿರದ ಮಲಾಹೈಡ್‌ನಲ್ಲಿ ಕೋಟೆಯ ಪಕ್ಕದ ಬಯಲಿನಲ್ಲಿ ತಾತ್ಕಾಲಿಕ ಗ್ಯಾಲರಿ ಕಟ್ಟಿಕೊಂಡು ಐರ್ಲೆಂಡ್ ಪಾಕಿಸ್ತಾನದ ವಿರುದ್ಧ ಮೊದಲ ಟೆಸ್ಟ್‌ಗೆ ಕಾದಿತ್ತು. ನೂರಾ ಅರವತ್ತಮೂರು ವರ್ಷ ಕಾದವರಿಗೆ ಮೊದಲ ದಿನ ಮಳೆ. ಒಂದು ಎಸೆತವೂ ಇಲ್ಲ.

ಪಾಕಿಸ್ತಾನ 9 ವಿಕೆಟ್‌ಗೆ 310, ಡಿಕ್ಲೇರ್. ಐರ್ಲೆಂಡ್ 7 ರನ್ನಿಗೆ 4 ವಿಕೆಟ್. ಹೇಗೋ ಚೇತರಿಸಿಕೊಂಡು 130. ಅದರಲ್ಲಿ ಅತಿ ಹೆಚ್ಚು ಕೆವಿನ್ ಅವರ 40. ಫಾಲೋಆನ್, ಅಂದರೆ ಕೂಡಲೇ ಮತ್ತೆ ಬ್ಯಾಟಿಂಗ್. ಎರಡನೇ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಬಿದ್ದಾಗ ಸ್ಕೋರು 157, ಇನಿಂಗ್ಸ್ ಸೋಲು ತಪ್ಪಿಸಲೇ ಇನ್ನೂ 23 ರನ್ ಬಾಕಿ.

ಇಲ್ಲಿಂದ ಕೆವಿನ್ ಆಡಿದ್ದನ್ನು ಬೆಂಗಳೂರಿನ ಇನಿಂಗ್ಸ್‌ಗಿಂತ ಒಂದು ಕೈ ಮೇಲೆ ಇಡುತ್ತೇನೆ. ಅಲ್ಲಿ ಕಳೆದುಕೊಳ್ಳಲು ಏನೂ ಇರಲಿಲ್ಲ, ಬ್ಯಾಟ್ ಬೀಸಿದರು. ಇಲ್ಲಿ ಮೊಹಮ್ಮದ್ ಅಬ್ಬಾಸ್ ಎರಡೂ ಬದಿಗೆ ಚೆಂಡು ಹೊರಳಿಸುತ್ತಿದ್ದಾರೆ, ಆಮಿರ್ ಇದ್ದಾರೆ, ಶಾದಾಬ್ ಖಾನ್‌ನ ಗೂಗ್ಲಿ ಇದೆ. 34 ವರ್ಷದ, ಜೀವನವಿಡೀ ಹೊಡೆಯುವವನೆಂದೇ ಹೆಸರಾದ ಮನುಷ್ಯ ಚೆಂಡನ್ನು ದೇಹದ ಕೆಳಗೆ ಬರಗೊಟ್ಟು ಮೆತ್ತಗೆ ತಡೆಯುತ್ತಿದ್ದಾರೆ. ಬಿಡಬೇಕಾದ್ದನ್ನು ಬಿಡುತ್ತಿದ್ದಾರೆ. 50 ಎಸೆತದಲ್ಲಿ ನೂರು ಹೊಡೆದವರಿಗೆ ಇಲ್ಲಿ ನೂರಕ್ಕೆ 186 ಎಸೆತ ಬೇಕಾಯಿತು. ಸ್ಟುವರ್ಟ್ ಥಾಂಪ್ಸನ್ (53) ಜತೆ ಏಳನೇ ವಿಕೆಟ್‌ಗೆ 114 ರನ್. ಮೇ 14ರ ಆ ಸೋಮವಾರ ಐರ್ಲೆಂಡ್‌ನ ಮೊದಲ ಟೆಸ್ಟ್ ಶತಕ ಬಂತು. ದೇಶದ ಮೊದಲ ಟೆಸ್ಟ್‌ನಲ್ಲೇ ನೂರು ಹೊಡೆದವರು ಅದಕ್ಕೆ ಮುಂಚೆ ಮೂವರಷ್ಟೇ: 1877ರಲ್ಲಿ ಆಸ್ಟ್ರೇಲಿಯಾದ ಚಾರ್ಲ್ಸ್ ಬ್ಯಾನರ್‌ಮನ್, 1992ರಲ್ಲಿ ಜಿಂಬಾಬ್ವೆಯ ಡೇವ್ ಹೌಟನ್, 2000ದಲ್ಲಿ ಬಾಂಗ್ಲಾದೇಶದ ಅಮಿನುಲ್ ಇಸ್ಲಾಂ.

ಟೆಸ್ಟ್ ಆಡುವ ಸಾಮರ್ಥ್ಯ ಒಂದು ಟೆಸ್ಟೂ ಆಡದೆ ಎಲ್ಲಿಂದ ಬಂತು? ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದು. ಆ ತಾಳ್ಮೆ ಮೊದಲಿನಿಂದಲೂ ಇತ್ತು, ಸಬೀನಾ ಪಾರ್ಕ್‌ನ ಅಜೇಯ 16ರಲ್ಲೇ ಕಂಡಿತ್ತು. ಅದನ್ನು ತೋರಿಸುವ ವೇದಿಕೆ ಸಿಕ್ಕಿದ್ದು 34ಕ್ಕೆ.

ನಾಲ್ಕನೇ ದಿನದ ಕೊನೆಗೆ ಅಜೇಯ 118. ಐದನೇ ದಿನ ಬೆಳಿಗ್ಗೆ ಎದುರಿಸಿದ ಮೊದಲ ಎಸೆತದಲ್ಲೇ ಅಬ್ಬಾಸ್‌ಗೆ ಸ್ಲಿಪ್‌ನಲ್ಲಿ ಕ್ಯಾಚ್. ಐರ್ಲೆಂಡ್ 339ಕ್ಕೆ ಆಲೌಟ್. 160ರ ಗುರಿ ಹೊತ್ತ ಪಾಕಿಸ್ತಾನ 14ಕ್ಕೆ 3 ಕಳೆದುಕೊಂಡು ಒಮ್ಮೆ ಬೆವರಿತು. ಇಮಾಮ್ ಉಲ್ ಹಕ್ ಮತ್ತು ಬಾಬರ್ ಆಜಂ ದಡ ಸೇರಿಸಿದರು, ಐದು ವಿಕೆಟ್ ಗೆಲುವು. ಪಂದ್ಯಶ್ರೇಷ್ಠ ಕೆವಿನ್.

ಎರಡನೇ ಟೆಸ್ಟ್ 2019ರ ಮಾರ್ಚ್‌ನಲ್ಲಿ ಡೆಹ್ರಾಡೂನ್‌ನಲ್ಲಿ, ಅಫ್ಗಾನಿಸ್ತಾನದ ವಿರುದ್ಧ: 12 ಮತ್ತು 56. ಮೂರನೆಯದು ಅದೇ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ. ಟಿಮ್ ಮುರ್ಟಾ 13 ರನ್ನಿಗೆ 5 ವಿಕೆಟ್ ಕಿತ್ತು, ಹತ್ತು ದಿನದ ಹಿಂದೆ ವಿಶ್ವಕಪ್ ಗೆದ್ದಿದ್ದ ಇಂಗ್ಲೆಂಡ್ ಊಟಕ್ಕೆ ಮೊದಲೇ 85ಕ್ಕೆ ಮುಗಿಯಿತು. 182 ಹೊಡೆದರೆ ಲಾರ್ಡ್ಸ್‌ನಲ್ಲಿ ಚರಿತ್ರೆ. ಮೋಡ ಕವಿದ ಬೆಳಿಗ್ಗೆ ವೋಕ್ಸ್, ಬ್ರಾಡ್ ಇಬ್ಬರೇ ಐರ್ಲೆಂಡನ್ನು 38ಕ್ಕೆ ಕೆಡವಿದರು. ಆ ಪಂದ್ಯದಲ್ಲಿ ಕೆವಿನ್ ಅಜೇಯ 28 ಮತ್ತು 4. ಅಲ್ಲಿಗೆ ಅವರ ಟೆಸ್ಟ್ ಬದುಕು ಮುಗಿಯಿತು, ಹದಿನಾಲ್ಕು ತಿಂಗಳಿಗೆ. ಐರ್ಲೆಂಡ್ ನಾಲ್ಕನೇ ಟೆಸ್ಟ್ ಆಡಿದ್ದು 2023ರ ಏಪ್ರಿಲ್‌ನಲ್ಲಿ, ಢಾಕಾದಲ್ಲಿ.

ಏಕೆ ಹೀಗೆ

ಕಾರಣ ಸರಳ, ಆದ್ದರಿಂದಲೇ ಪರಿಹಾರ ಕಷ್ಟ. ಭಾರತದಲ್ಲಿ ಟೆಸ್ಟ್ ನಡೆದರೆ ಟಿವಿ ಹಕ್ಕಿನಿಂದ ಹಣ ಬರುತ್ತದೆ. ಐರ್ಲೆಂಡ್‌ನಲ್ಲಿ ಟೆಸ್ಟ್ ನಡೆದರೆ ಹಣ ಹೋಗುತ್ತದೆ. ದೊಡ್ಡ ಪಂದ್ಯಕ್ಕೆಂದು ಕಟ್ಟಿದ ಕಾಯಂ ಕ್ರೀಡಾಂಗಣ ಅಲ್ಲಿಲ್ಲ. ಮಲಾಹೈಡ್‌ನಂಥ ಕ್ಲಬ್ ಬಯಲಿಗೆ ಪ್ರತಿ ಸಲವೂ ಗ್ಯಾಲರಿ, ಶಾಮಿಯಾನ, ಟಿವಿ ವೇದಿಕೆ ತಂದು ಜೋಡಿಸಬೇಕು, ಮುಗಿದ ಮೇಲೆ ಬಿಚ್ಚಿ ಒಯ್ಯಬೇಕು. ಐದು ದಿನದ ಆಟಕ್ಕೆ ಆ ಖರ್ಚು, ಮಧ್ಯೆ ಮಳೆ ಬೇರೆ. ಅದೇ ಹಣದಲ್ಲಿ ಮೂರು ಟಿ20 ನಡೆಸಬಹುದು. ಹಾಗೆಂದು ನಿಗದಿಯಾಗಿದ್ದ ಟೆಸ್ಟನ್ನು ಕೈಬಿಟ್ಟು ಟಿ20ಗೆ ಬದಲಿಸಿದ್ದೂ ಉಂಟು. 2019ರ ಆಗಸ್ಟ್‌ನಲ್ಲಿ ಶುರುವಾದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನಲ್ಲಿ ಒಂಬತ್ತೇ ತಂಡ. ಹನ್ನೆರಡು ಟೆಸ್ಟ್ ದೇಶಗಳಲ್ಲಿ ಐರ್ಲೆಂಡ್, ಅಫ್ಗಾನಿಸ್ತಾನ, ಜಿಂಬಾಬ್ವೆ ಹೊರಗೆ. ಆಡಲೇಬೇಕೆಂಬ ಕಟ್ಟುಪಾಡಿಲ್ಲದಿದ್ದರೆ ದೊಡ್ಡ ಮಂಡಳಿಗಳು ಡಬ್ಲಿನ್‌ಗೆ ಟೆಸ್ಟ್ ಆಡಲು ಯಾಕೆ ಬರುತ್ತವೆ?

ಕಟ್ಟುಪಾಡಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2020ರಿಂದ 2023ರವರೆಗೆ ಹದಿಮೂರು ತಂಡಗಳ ಏಕದಿನ ಸೂಪರ್ ಲೀಗ್ ನಡೆಯಿತು. ಅದರ ಮೊದಲ ಸರಣಿಯೇ ಇಂಗ್ಲೆಂಡ್–ಐರ್ಲೆಂಡ್, ಕೋವಿಡ್ ಕಾಲದ ಖಾಲಿ ಸೌತಾಂಪ್ಟನ್‌ನಲ್ಲಿ. 2020ರ ಆಗಸ್ಟ್ 4ರ ಮೂರನೇ ಪಂದ್ಯದಲ್ಲಿ ಐರ್ಲೆಂಡ್ 329ರ ಗುರಿ ಬೆನ್ನಟ್ಟಿ, ಒಂದು ಎಸೆತ ಉಳಿದಿರುವಾಗ 3 ವಿಕೆಟ್‌ಗೆ 329 ಹೊಡೆದು ಗೆದ್ದಿತು. ಬೆಂಗಳೂರಿನಲ್ಲಿ ಹೊಡೆದದ್ದೂ ಅದೇ 329. ಪಾಲ್ ಸ್ಟರ್ಲಿಂಗ್ 142, ಆ್ಯಂಡಿ ಬಾಲ್ಬರ್ನಿ 113. ಕೆವಿನ್ ಜೀವನದಲ್ಲಿ ಹೊಡೆದ ಎರಡು ಏಕದಿನ ಶತಕಗಳೂ 142 ಮತ್ತು 113! ಕೊನೆಯ ಎಸೆತಗಳಲ್ಲಿ ಅಂಗಳದಲ್ಲಿ ಅಜೇಯರಾಗಿದ್ದ ಹಿರಿಯನೂ ಅವರೇ. ಅಂಕಿಗಳು ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವುದು ಅಪರೂಪ, ನೋಡಿದಾಗಲೆಲ್ಲ ಮೈ ನವಿರೇಳುತ್ತದೆ. ಒಂದು ಅವಧಿ ಮುಗಿದದ್ದೇ ಆ ಸೂಪರ್ ಲೀಗ್ ರದ್ದಾಯಿತು.

ಕೊನೆಯ ವರ್ಷಗಳು

ಮಧ್ಯಮ ಕ್ರಮಾಂಕದಲ್ಲಿ ಹೊಸಬರು ಬಂದಾಗ ಕೆವಿನ್ ಟಿ20ಯಲ್ಲಿ ಇನಿಂಗ್ಸ್ ಆರಂಭಿಸತೊಡಗಿದರು. 2019ರ ಅಕ್ಟೋಬರ್ 7ರಂದು ಒಮಾನ್‌ನಲ್ಲಿ ಹಾಂಗ್‌ಕಾಂಗ್ ವಿರುದ್ಧ 62 ಎಸೆತಗಳಲ್ಲಿ 124. ಮೂರೂ ಮಾದರಿಗಳಲ್ಲಿ ಐರ್ಲೆಂಡ್ ಪರ ಶತಕ ಹೊಡೆದ ಮೊದಲಿಗರಾದರು. 2020ರ ಆಗಸ್ಟ್‌ನಲ್ಲಿ ಡಬ್ಲಿನ್‌ನ ಪೆಂಬ್ರೋಕ್ ಕ್ಲಬ್ ಅಂಗಳದಲ್ಲಿ ನಡೆದ ದೇಶೀಯ ಟಿ20ಯಲ್ಲಿ 37 ಎಸೆತಕ್ಕೆ 82 ಹೊಡೆದಾಗ ಎಂಟು ಸಿಕ್ಸರ್‌ಗಳಲ್ಲಿ ಒಂದು ಮೈದಾನದಾಚೆ ಹೋಗಿ ನಿಲ್ಲಿಸಿದ್ದ ಕಾರಿನ ಗಾಜು ಒಡೆಯಿತು. ಆ ಕಾರು ಅವರದೇ. ದೇಶದ ಅತ್ಯಂತ ಹೆಸರಾಂತ ಆಟಗಾರ ತನ್ನ ಕಾರನ್ನು ಬೌಂಡರಿಯ ಆಚೆ ನಿಲ್ಲಿಸಿ, ಕಿಟ್ ಹೊತ್ತು ಒಳಗೆ ಬಂದು ಆಡುವ ಕ್ರಿಕೆಟ್ ಅದು.

2021ರ ಜೂನ್‌ನಲ್ಲಿ ಏಕದಿನ ಕ್ರಿಕೆಟ್‌ಗೆ ವಿದಾಯ ಹೇಳಿದಾಗ 3,600ಕ್ಕೂ ಹೆಚ್ಚು ರನ್ ಇದ್ದವು, 114 ವಿಕೆಟ್ ಇದ್ದವು. ಆ ಹೊತ್ತಿಗೆ ಐರ್ಲೆಂಡ್ ಪರ ಏಕದಿನದಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ಅವರೇ. ಬ್ಯಾಟಿಂಗ್‌ನ ಸದ್ದಿನಲ್ಲಿ ಆ ಮಧ್ಯಮ ವೇಗದ ಬೌಲಿಂಗನ್ನು ನಾವೆಲ್ಲ ಮರೆತಿದ್ದೇವೆ. ಆ ಅಕ್ಟೋಬರ್‌ನಲ್ಲಿ ಶಾರ್ಜಾದಲ್ಲಿ ಟಿ20 ವಿಶ್ವಕಪ್‌ನ ಮೊದಲ ಸುತ್ತಿನಲ್ಲಿ ನಮೀಬಿಯಾ ಐರ್ಲೆಂಡನ್ನು ಮಣಿಸಿ ಮನೆಗೆ ಕಳಿಸಿತು. ದೊಡ್ಡವರಿಗೆ ತಾವು ಕೊಟ್ಟ ಏಟನ್ನು ಇನ್ನೊಂದು ಸಣ್ಣ ದೇಶದಿಂದ ತಿಂದ ಆ ಪಂದ್ಯವೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಅದಾದ ಮೇಲೆ ಅವರನ್ನು ತಂಡಕ್ಕೆ ಆರಿಸಲಿಲ್ಲ. ಆಸ್ಟ್ರೇಲಿಯಾದ ವಿಶ್ವಕಪ್‌ನಲ್ಲಿ ಆಡಿ ಮುಗಿಸುವ ಆಸೆ ಇತ್ತೆಂದು ಹೇಳಿ, 2022ರ ಆಗಸ್ಟ್ 16ರಂದು ನಿವೃತ್ತರಾದರು. ಅದೇ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಐರ್ಲೆಂಡ್ ಮತ್ತೆ ಇಂಗ್ಲೆಂಡನ್ನು ಸೋಲಿಸಿತು, ಮಳೆ ಲೆಕ್ಕದಲ್ಲಿ 5 ರನ್ನಿನಿಂದ.

ಬೆಂಗಳೂರಿನ 50 ಎಸೆತಗಳ ದಾಖಲೆ ಹನ್ನೆರಡೂವರೆ ವರ್ಷ ಉಳಿಯಿತು. 2023ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಮಾರ್ಕ್ರಂ 49 ಎಸೆತಗಳಲ್ಲಿ ಮುರಿದರು, ಹದಿನೆಂಟು ದಿನಕ್ಕೆ ಅದೇ ಅಂಗಳದಲ್ಲಿ ಮ್ಯಾಕ್ಸ್‌ವೆಲ್ 40ಕ್ಕೆ ಇಳಿಸಿದರು. ಆ ವಿಶ್ವಕಪ್‌ನಲ್ಲಿ ಐರ್ಲೆಂಡ್ ಇರಲಿಲ್ಲ.

ಇನ್ನೊಂದು ಪಂದ್ಯದ ವಿವರ ಇಲ್ಲಿ ಸೇರಬೇಕು. 2018ರಲ್ಲಿ ಮಲಾಹೈಡ್‌ನಲ್ಲಿ ಕೆವಿನ್ ಶತಕ ಹೊಡೆದ ಟೆಸ್ಟ್‌ನಲ್ಲಿ ಆ್ಯಂಡಿ ಬಾಲ್ಬರ್ನಿ ಎರಡೂ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿದ್ದರು. 2024ರಲ್ಲಿ ಅಬುಧಾಬಿಯಲ್ಲಿ ಐರ್ಲೆಂಡ್ ತನ್ನ ಎಂಟನೇ ಟೆಸ್ಟ್ ಆಡಿತು, ಎದುರಾಳಿ ಅಫ್ಗಾನಿಸ್ತಾನ, ಗುರಿ 111. 13 ರನ್ನಿಗೆ 3 ವಿಕೆಟ್ ಬಿದ್ದವು. ಈಗ ನಾಯಕನಾಗಿದ್ದ ಬಾಲ್ಬರ್ನಿ ಅಜೇಯ 58 ಹೊಡೆದು ಐರ್ಲೆಂಡ್‌ಗೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು. ಅವತ್ತು ಮಾರ್ಚ್ 1. ಚಿನ್ನಸ್ವಾಮಿಯ ಆ ಶಿವರಾತ್ರಿಗೆ ಹದಿಮೂರು ವರ್ಷ ತುಂಬಲು ಒಂದು ದಿನ ಬಾಕಿ ಇತ್ತು.